ನನ್ನ ಜಗಲಿ ಬಾಗಿಲಿನ ಡಿಸೈನ್ ಎತ್ತಿದ್ದಾರೆ, ಅದರಲ್ಲಿದ್ದ ತಪ್ಪೂ ಸಮೇತ

ಉಣಕಲ್ ಬಡಿಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಹುಬ್ಬಳ್ಳಿಯಲ್ಲಿ ಮನೆ ಹಿಂದಿನ ಶೆಡ್ಡಿನಲ್ಲಿ ಕಟ್ಟಿಗೆ ಕೆಲಸ ಮಾಡುತ್ತೇನೆ. ನಾಲ್ಕು ವರ್ಷ ಆಯಿತು. ಮಂಚ, ಸೋಫಾ ಅಲ್ಲ, ಗೋಡೆಗೆ ಹಾಕುವ ಸಣ್ಣ ದೇವರ ಜಗಲಿ. ಈಗಿನ ಫ್ಲ್ಯಾಟುಗಳಲ್ಲಿ ದೇವರಿಗೆ ಬೇರೆ ಕೋಣೆ ಎಲ್ಲಿದೆ? ಟಿವಿ ಪಕ್ಕದಲ್ಲೋ ಫ್ರಿಜ್ ಮೇಲೋ ಕೂತಿರುತ್ತಾನೆ. ಅದಕ್ಕೆ ಎರಡು ಅಡಿ ಎತ್ತರದ ಸಾಗವಾನಿ ಪೆಟ್ಟಿಗೆ, ಎರಡು ಬಾಗಿಲು, ಬಾಗಿಲಿನಲ್ಲಿ ಜಾಲಿ. ಒಳಗೆ ಸಣ್ಣ ಬಲ್ಬ್ ಹಾಕಿದರೆ ಜಾಲಿಯ ನೆರಳು ಎದುರಿನ ಗೋಡೆ ಮೇಲೆ ಬೀಳುತ್ತದೆ.

ಜಾಲಿಯಲ್ಲಿ ಇರೋದು ಕಸೂತಿ. ನಡುವೆ ತೇರು, ಎರಡೂ ಕಡೆ ಗೋಪುರ, ಕೆಳಗೆ ಆನೆ ಸಾಲು. ಬಟ್ಟೆಯ ಕಸೂತಿಯನ್ನು ಕಟ್ಟಿಗೆಗೆ ತರೋದು ಅಂದುಕೊಂಡಷ್ಟು ಸುಲಭ ಇಲ್ಲ. ಬಟ್ಟೆಯಲ್ಲಿ ಒಂದು ಚೌಕದ ಮೂಲೆ ಇನ್ನೊಂದರ ಮೂಲೆಗೆ ತಾಗಿದರೆ ಸಾಕು, ಬಟ್ಟೆಯೇ ಹಿಡಿದುಕೊಂಡಿರುತ್ತದೆ. ಕಟ್ಟಿಗೆಯಲ್ಲಿ ಮೂಲೆಗೆ ಮೂಲೆ ತಾಗಿದ್ದು ನಿಲ್ಲೋದಿಲ್ಲ, ಬೆರಳು ತಾಗಿದರೆ ಪಟಕ್ ಅಂತ ಉದುರುತ್ತದೆ. ಎಲ್ಲೆಲ್ಲಿ ಸಣ್ಣ ಕಟ್ಟು, ಅಂದರೆ ಚೌಕಕ್ಕೆ ಚೌಕ ಹಿಡಿದಿಡುವ ಕಟ್ಟಿಗೆ ಎಳೆ, ಬಿಟ್ಟರೆ ಕಣ್ಣಿಗೂ ಬೀಳಬಾರದು, ಬಲವೂ ಬರಬೇಕು ಅನ್ನೋದನ್ನು ಕಂಡುಕೊಳ್ಳೋಕೆ ಆರು ಹಲಗೆ ಹಾಳು ಮಾಡಿದ್ದೇನೆ. ಸ್ಕ್ರೋಲ್ ಸಾ ಅನ್ನುವ ಸಣ್ಣ ಗರಗಸದ ಮಷಿನ್ನಲ್ಲಿ ಕೊಯ್ದು, ಪ್ರತಿ ಮೂಲೆಗೂ ಸಣ್ಣ ಅರ ಹಾಕಿ ಉಜ್ಜುತ್ತೇನೆ. ಒಂದು ಜೋಡಿ ಬಾಗಿಲಿಗೆ ನಾಲ್ಕು ದಿನ ಬೇಕು. ಜಗಲಿಗೆ 6,800 ರೂಪಾಯಿ ತಗೊಳ್ಳುತ್ತೇನೆ. ಇಲ್ಲಿವರೆಗೆ 23 ಮಾರಿದ್ದೇನೆ.

ಹೋದ ವಾರ ಒಬ್ಬ ಗಿರಾಕಿ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರು. "ಅಣ್ಣಾರ, ನಿಮ್ಮದ ಜಗಲಿ ಅಂಗಡ್ಯಾಗ 2,900ಕ್ಕ ಸಿಗಾಕತ್ತೈತಲ್ರೀ, ನಮಗ್ಯಾಕ ಅಷ್ಟ್ ತಗೊಂಡ್ರಿ?" ನೋಡಿದರೆ ನಮ್ಮ ಊರಿನದೇ ಒಂದು ದೊಡ್ಡ ಅಂಗಡಿ. ಎಂಡಿಎಫ್, ಅಂದರೆ ಕಟ್ಟಿಗೆ ಪುಡಿ ಒತ್ತಿ ಮಾಡಿದ ಹಲಗೆ, ಅದರ ಮೇಲೆ ಸಾಗವಾನಿಯ ತೆಳು ವೆನೀರ್ ಹಾಳೆ. ಅದೇ ತೇರು, ಅದೇ ಆನೆ, ನಾನು ಕಟ್ಟು ಬಿಟ್ಟ ಕಡೆಯೇ ಅವರೂ ಕಟ್ಟು ಬಿಟ್ಟಿದ್ದಾರೆ. ಸಾಲದು ಅಂತ ಎಡ ಗೋಪುರದಲ್ಲಿ ಮೇಲಿನಿಂದ ಮೂರನೇ ಸಾಲಿನಲ್ಲಿ ಒಂದು ಚೌಕ ಖಾಲಿ. ಅದು ನಾನು ಬರೆಯುವಾಗ ಕೈ ತಪ್ಪಿದ್ದು. ಐದಾರು ಮಾರಿದ ಮೇಲೆ ಗೊತ್ತಾಯಿತು, ಯಾರೂ ನೋಡಲ್ಲ ಅಂತ ಹಾಗೇ ಬಿಟ್ಟೆ. ಅವರದ್ದರಲ್ಲಿ ಆ ತಪ್ಪು ಎಡಕ್ಕೂ ಇದೆ, ಬಲಕ್ಕೂ ಇದೆ! ಒಂದೇ ಬಾಗಿಲು ಎತ್ತಿ ತಿರುಗಿಸಿ ಇನ್ನೊಂದು ಮಾಡಿದ್ದಾರೆ.

ಅಂಗಡಿಗೆ ಹೋಗಿ ಜಗಳ ಮಾಡಲಾ? ಕಾನೂನಿನಲ್ಲಿ ಏನಾದರೂ ಇದೆಯಾ? ಇಲ್ಲ ಸುಮ್ನೆ ಬಿಟ್ಟು ಇನ್ನೊಂದು ಡಿಸೈನ್ ಮಾಡ್ಲಾ? ದುಡ್ಡಿಗಿಂತ ಜಾಸ್ತಿ ಆ ಗಿರಾಕಿ ನನ್ನನ್ನೇ ಕಳ್ಳನ ಥರ ಕೇಳಿದ್ದು ಹೊಟ್ಟೆ ಉರಿಸಿದೆ.

ಗದಗ ಲೇಥ್:

ಮೊದಲು ಸಮಾಧಾನ. ತಪ್ಪು ಸಮೇತ ಎತ್ತಿದ್ದಾರೆ ಅಂದರೆ ಕಣ್ಣು ಮುಚ್ಚಿ ಎತ್ತಿದ್ದಾರೆ, ಪರೀಕ್ಷೆಯಲ್ಲಿ ಪಕ್ಕದವನ ಹೆಸರೂ ಸೇರಿಸಿ ಕಾಪಿ ಹೊಡೆದ ಹಾಗೆ.

ಆದರೆ ನನ್ನದೊಂದು ತಕರಾರು ಇದೆ. ನಾನು ಲೇಥ್, ಅಂದರೆ ಕಟ್ಟಿಗೆ ತಿರುಗಿಸಿ ಕಡೆಯುವ ಮಷಿನ್ ಮೇಲೆ ಟೇಬಲ್ ಕಾಲು, ಮಂಚದ ಕಾಲು ತಿರುವುತ್ತೇನೆ. ನನ್ನ ಡಿಸೈನ್ ಎಲ್ಲಿಂದ ಬಂತು ಗೊತ್ತಾ? ಲಕ್ಕುಂಡಿ. ಗದಗಿನಿಂದ 12 ಕಿಲೋಮೀಟರ್, ಬೈಕ್ ತಗೊಂಡು ಹೋಗಿ ಗುಡಿ ಕಂಬದ ಫೋಟೋ ತೆಗೆದು ಬರೋದು. ನಮ್ಮ ತ್ರಿಕೂಟೇಶ್ವರ ಗುಡಿ ಆವರಣದ ಸರಸ್ವತಿ ಗುಡಿ ಕಂಬ ನೋಡಿದ್ದೀರಲ್ಲ? ಕಲ್ಲನ್ನೇ ತಿರುಗಿಸಿ ಕಡೆದದ್ದು, ಉಂಗುರದ ಮೇಲೆ ಉಂಗುರ, ಗಂಟೆಯ ಹೊಟ್ಟೆ, ಮತ್ತೆ ಸಣ್ಣ ಕುತ್ತಿಗೆ. ಒಂಬೈನೂರು ವರ್ಷದ ಹಿಂದಿನವರು ಕಲ್ಲಿನಲ್ಲಿ ಮಾಡಿದ್ದನ್ನು ನಾನು ಮತ್ತಿ ಕಟ್ಟಿಗೆಯಲ್ಲಿ ಮಾಡೋಕೆ ಒದ್ದಾಡುತ್ತೇನೆ. ಆಮೇಲೆ "ನನ್ನ ಡಿಸೈನ್ ಕದ್ದರು" ಅಂತ ಕೂಗಿದರೆ ಲಕ್ಕುಂಡಿ ಕಂಬ ನಗುತ್ತದೆ.

ಹೀಗಾಗಿ ನಾನು ಮಾಡೋದು ಇಷ್ಟೇ. ಬಿಲ್ಲಿನಲ್ಲಿ "ಲಕ್ಕುಂಡಿ ಕಂಬ ನೋಡಿ ಮಾಡಿದ ಕಾಲು" ಅಂತ ಬರೆಯುತ್ತೇನೆ. ಗಿರಾಕಿಗೂ ಖುಷಿ, ಎರಡು ನೂರು ಜಾಸ್ತಿನೂ ಕೊಡ್ತಾರೆ.

ಇನ್ನೊಂದು, ಹೊರದೇಶದವರು ಮಾರುವ ಸ್ಕ್ರೋಲ್ ಸಾ ಪ್ಯಾಟರ್ನ್ ದುಡ್ಡು ಕೊಟ್ಟು ತಗೊಂಡಿದ್ದೇನೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ ಓದಿ. ಹೆಚ್ಚಿನವರು ಕೊಯ್ದು ಮಾಡಿದ ವಸ್ತು ಇಷ್ಟು ಮಾರಬಹುದು ಅಂತ ಬಿಡುತ್ತಾರೆ, ಆದರೆ ಪ್ಯಾಟರ್ನ್ ಹಾಳೆಯನ್ನೇ ಮಾರಬೇಡಿ, ಹಂಚಬೇಡಿ ಅನ್ನುತ್ತಾರೆ. ಪುಕ್ಕಟೆ ಸಿಗುವ ಫೈಲಿಗೂ ಷರತ್ತು ಇರುತ್ತದೆ. ಕ್ರಿಯೇಟಿವ್ ಕಾಮನ್ಸ್ ಅನ್ನುವ ಪರವಾನಗಿ ಗುರುತಿನ ಪಕ್ಕ ಬಿವೈ ಅಂತ ಇದ್ದರೆ ಹೆಸರು ಹೇಳಿ ಬಳಸಿ ಅಂತ, ಎನ್‌ಸಿ ಅಂತ ಇದ್ದರೆ ವ್ಯಾಪಾರಕ್ಕೆ ಬೇಡ ಅಂತ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎಲ್ಲಾ ಫೈಲೂ ಪ್ರಸಾದದ ಥರ ಹಂಚಿಕೆ ಆಗುತ್ತವೆ, ನಾನೂ ತಿಂದಿದ್ದೇನೆ, ಸುಳ್ಳು ಯಾಕೆ.

ಅರ್ಜಿ ಗುಮಾಸ್ತ:

ನಾನು ವಕೀಲ ಅಲ್ಲ. ಹಿಂದೆ ಒಂದು ಫರ್ನಿಚರ್ ಕಂಪನಿಯಲ್ಲಿದ್ದಾಗ ಇಂಥ ಅರ್ಜಿ ತುಂಬುವ ಕೆಲಸ ನನ್ನ ತಲೆಗೆ ಕಟ್ಟಿದ್ದರು, ಅಲ್ಲಿ ಕಲಿತದ್ದು ಹೇಳುತ್ತೇನೆ.

2000ದ ಡಿಸೈನ್ಸ್ ಕಾಯ್ದೆ ಅಂತ ಇದೆ. ವಸ್ತುವಿನ ನೋಟಕ್ಕೆ ರಕ್ಷಣೆ, ಕಣ್ಣಿಗೆ ಕಾಣುವ ಆಕಾರ, ಅಲಂಕಾರ ಇಷ್ಟೇ. ಬಾಗಿಲು ಹೇಗೆ ಮಡಚುತ್ತದೆ, ಕೀಲು ಹೇಗೆ ಕೂರುತ್ತದೆ ಅನ್ನೋದು ಅದರಲ್ಲಿ ಬರೋದಿಲ್ಲ. ಅರ್ಜಿ ಕೋಲ್ಕತ್ತದ ಪೇಟೆಂಟ್ ಆಫೀಸಿಗೆ ಹೋಗುತ್ತದೆ, ಮನೆಯಲ್ಲಿ ಕೂತು ಆನ್‌ಲೈನಲ್ಲಿ ಹಾಕಬಹುದು, ಒಬ್ಬ ವ್ಯಕ್ತಿ ಹಾಕಿದರೆ ಶುಲ್ಕ 1000 ರೂಪಾಯಿ. ನೋಂದಣಿ ಆದರೆ 10 ವರ್ಷ, ಮುಗಿಯುವ ಮೊದಲು ಅರ್ಜಿ ಕೊಟ್ಟರೆ ಇನ್ನೂ 5 ವರ್ಷ. ಯಾರಾದರೂ ನಕಲು ಮಾಡಿದರೆ ಒಂದು ಸಲದ ಉಲ್ಲಂಘನೆಗೆ 25,000ದವರೆಗೆ ವಸೂಲಿ ಮಾಡಬಹುದು, ಒಂದು ಡಿಸೈನಿಗೆ ಒಟ್ಟು 50,000 ಮೀರುವ ಹಾಗಿಲ್ಲ. ಇಲ್ಲವೇ ನಷ್ಟ ಪರಿಹಾರ ಮತ್ತು ತಡೆಯಾಜ್ಞೆ ಕೇಳಿ ಜಿಲ್ಲಾ ಕೋರ್ಟಿಗೆ ಹೋಗಬಹುದು.

ಈಗ ಕೆಟ್ಟ ಸುದ್ದಿ. ಅರ್ಜಿ ಹಾಕುವ ಮೊದಲೇ ಡಿಸೈನ್ ಜನರ ಮುಂದೆ ಬಂದಿದ್ದರೆ ಅದು ಹೊಸದಲ್ಲ, ನೋಂದಣಿ ಆಗೋದಿಲ್ಲ. ನೀವು 23 ಮಾರಿದ್ದೀರಿ, ಇನ್‌ಸ್ಟಾಗ್ರಾಮಿನಲ್ಲೂ ಹಾಕಿರುತ್ತೀರಿ ಅಲ್ವಾ? ಹಾಗಾದರೆ ಈ ಡಿಸೈನಿಗೆ ಆ ದಾರಿ ಮುಚ್ಚಿತು. ಮುಂದಿನದಕ್ಕೆ ನೆನಪಿಡಿ, ಮೊದಲು ಅರ್ಜಿ, ಆಮೇಲೆ ಫೋಟೋ. ನಮ್ಮ ಜನ ಪಾಲಿಶ್ ಒಣಗುವ ಮೊದಲೇ ರೀಲ್ಸ್ ಹಾಕುತ್ತಾರೆ.

ಪೂರ್ತಿ ಕತ್ತಲೇನಲ್ಲ. ನೀವು ಕಾಗದದ ಮೇಲೆ ಬರೆದ ಚಿತ್ರಕ್ಕೆ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ತಾನೇ ಹಕ್ಕು ಬರುತ್ತದೆ, ನೋಂದಣಿ ಬೇಕೇ ಬೇಕು ಅಂತಿಲ್ಲ. ಆದರೆ ಅಲ್ಲೊಂದು ಕೊಂಡಿ ಇದೆ, 15ನೇ ಸೆಕ್ಷನ್. ಡಿಸೈನ್ ಕಾಯ್ದೆಯಲ್ಲಿ ನೋಂದಾಯಿಸಬಹುದಾಗಿದ್ದ ಡಿಸೈನನ್ನು ನೋಂದಾಯಿಸದೆ, ಕಾರ್ಖಾನೆ ವಿಧಾನದಲ್ಲಿ 50ಕ್ಕಿಂತ ಜಾಸ್ತಿ ಸಲ ಮಾಡಿದರೆ ಆ ಹಕ್ಕು ಹೋಗುತ್ತದೆ. ಲೆಕ್ಕಕ್ಕೆ ಬರೋದು ನೀವು ಮಾಡಿದ್ದು, ಇಲ್ಲವೇ ನಿಮ್ಮ ಒಪ್ಪಿಗೆ ಪಡೆದು ಬೇರೆಯವರು ಮಾಡಿದ್ದು. ಕದ್ದವರು ಸಾವಿರ ಮಾಡಿದರೂ ಅದು ನಿಮ್ಮ ಲೆಕ್ಕಕ್ಕೆ ಸೇರೋದಿಲ್ಲ. ನೀವು ಇನ್ನೂ 23ರಲ್ಲಿ ಇದ್ದೀರಿ, ಅದೂ ಕೈಕೆಲಸ. ಒಂದು ನೋಟಿಸ್ ಕೊಡಿಸುವಷ್ಟು ದಮ್ಮು ಇದೆ ಅನ್ನಿಸುತ್ತದೆ. ಮೊದಲು ಬರೆದ ಗ್ರಾಫ್ ಹಾಳೆ, ತಾರೀಖು ಇರುವ ಫೋಟೋ, ಮೊದಲ ಬಿಲ್ಲು ಎಲ್ಲಾ ಎತ್ತಿಡಿ. ಚಿತ್ರ ನಿಮ್ಮದೇ ಅಂತ ತೋರಿಸೋದು ಮುಖ್ಯ.

ಮೂರು ಎಂಎಂ ಬಿಟ್:

ತಾರಿಹಾಳದಲ್ಲಿ ಸಿಎನ್‌ಸಿ ರೂಟರ್, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಕಟ್ಟಿಗೆ ಕೊರೆಯುವ ಮಷಿನ್, ಇಟ್ಟುಕೊಂಡವನು. ಕಲ್ಲು ಹೊಡೆಯೋರು ಹೊಡೀರಿ.

ದಿನಕ್ಕೆ ಹತ್ತು ಹದಿನೈದು ಫೋಟೋ ಬರುತ್ತವೆ. "ಇದರ ಹಂಗ ಮಾಡಿಕೊಡು." ಎಲ್ಲಿಂದ ತಂದಿರಿ ಅಂತ ಕೇಳಿದರೆ ಗೂಗಲ್ ಅಂತಾರೆ. ಗೂಗಲ್ ಏನು ಉಳಿ ಹಿಡಿದು ಕೂತಿದೆಯಾ? ಆದರೆ ನಾನೂ ಬ್ಯಾಂಕ್ ಕಂತು ಕಟ್ಟಬೇಕು, ಕೇಳದೆ ಮಾಡಿಕೊಟ್ಟಿದ್ದೇನೆ. ಮಾಡಿಕೊಡದಿದ್ದರೆ ಪಕ್ಕದ ಶೆಡ್ಡಿನವನು ಮಾಡುತ್ತಾನೆ, ಇದು ಸಬೂಬು ಅಂತ ನನಗೂ ಗೊತ್ತು.

ಹೇಗೆ ಎತ್ತಿರುತ್ತಾರೆ ಹೇಳುತ್ತೇನೆ. ನೇರವಾಗಿ ಎದುರಿಗೆ ನಿಂತು ತೆಗೆದ ಒಂದು ಒಳ್ಳೆ ಫೋಟೋ ಸಾಕು. ಕೋರೆಲ್‌ಡ್ರಾ ಸಾಫ್ಟ್‌ವೇರಿನಲ್ಲಿ ಹಾಕಿ, ಅರ್ಧ ಭಾಗದ ಮೇಲೆ ಗೆರೆ ಎಳೆದು, ಮಿರರ್ ಹೊಡೆಯೋದು. ಪೂರ್ತಿ ಯಾರು ಬರೀತಾರೆ, ಬಲಕ್ಕೂ ಎಡಕ್ಕೂ ಒಂದೇ ಅಲ್ವಾ ಅಂತ. ನಿಮ್ಮ ತಪ್ಪು ಎರಡು ಕಡೆ ಬಂದದ್ದು ಹಾಗೆ. ಅರ್ಧ ಗಂಟೆ ಕೆಲಸ.

ಇನ್ನೊಂದು ಗುರುತು ಹೇಳುತ್ತೇನೆ, ಹೋಗಿ ನೋಡಿ. ರೂಟರಿನ ಬಿಟ್, ಅಂದರೆ ಕೊರೆಯುವ ಮೊನೆ, ದುಂಡಗೆ ಇರುತ್ತದೆ, ಒಳಮೂಲೆ ಚೂಪಾಗಿ ಬರೋದೇ ಇಲ್ಲ. 6 ಎಂಎಂ ಬಿಟ್ ಹಾಕಿದರೆ ಮೂಲೆಯಲ್ಲಿ 3 ಎಂಎಂ ಗುಂಡಗೆ ಉಳಿಯುತ್ತದೆ, 3 ಎಂಎಂ ಬಿಟ್ ಹಾಕಿದರೆ ಒಂದೂವರೆ. ಸಣ್ಣ ಬಿಟ್ ಹಾಕಿದರೆ ಟೈಮ್ ಜಾಸ್ತಿ, ಮುರಿಯೋದೂ ಜಾಸ್ತಿ, 2,900ರ ಮಾಲಿಗೆ ಯಾರೂ ಹಾಕಲ್ಲ. ಕಸೂತಿಯ ಜೀವವೇ ಚೌಕದ ಮೂಲೆ. ಅವರ ಆನೆಗೆ ಮೂಲೆ ಎಲ್ಲಾ ಗುಂಡಗಾಗಿ ಹಂದಿಮರಿ ಥರ ಕಾಣುತ್ತಿರಬೇಕು. ನಿಮ್ಮದು ಅರ ಹಾಕಿ ಉಜ್ಜಿದ್ದು, ಪಕ್ಕಪಕ್ಕ ಇಟ್ಟು ಗಿರಾಕಿಗೆ ತೋರಿಸಿ, 6,800 ಯಾಕೆ ಅಂತ ಅವರೇ ಹೇಳುತ್ತಾರೆ.

ಆ ಕಟ್ಟುಗಳನ್ನು ಎಲ್ಲಿ ಬಿಡಬೇಕು ಅಂತ ಯೋಚನೆ ಮಾಡಿದ್ದು ಮಾತ್ರ ತಲೆ ಇರುವವರ ಕೆಲಸ. ಅದಕ್ಕೆ ನನ್ನದೊಂದು ಸಲಾಮು.

ಚಕ್ಕಡಿ ಕಾಕಾ:

ನಾನು ಕಲಘಟಗಿ ಕಡೆಯವನು, ವಯಸ್ಸು 71, ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ. ಚಕ್ಕಡಿ, ಕೂರಿಗೆ, ಬಾಗಿಲು ಚೌಕಟ್ಟು ಮಾಡಿದವನು.

ನಮ್ಮ ಊರಿನ ಹೆಸರು ಹೇಳಿದರೆ ಜನ ತೊಟ್ಟಿಲು ಅಂತಾರೆ. ಬಣ್ಣದ ತೊಟ್ಟಿಲು, ಮೈತುಂಬ ಕೃಷ್ಣನ ಕಥೆ ರಾಮಾಯಣದ ಕಥೆ. ಆ ತೊಟ್ಟಿಲು ಮಾಡುವ ಮನೆತನ ಬೇರೆ, ನಾನಲ್ಲ. ಮಾಡೋದು ಹೇಗೆ ಅಂತ ನೋಡಿದ್ದೇನೆ, ಕಾಲಿನ ಅಳತೆ ಕೂಡ ಗೊತ್ತು. ಆದರೂ ನಾನು ಮಾಡಲಿಲ್ಲ. ಕಾಯ್ದೆ ಇತ್ತು ಅಂತಲ್ಲ. ಅವರ ಓಣಿಯಲ್ಲಿ ಹಾದು ಹೋಗಬೇಕಲ್ಲ, ಮುಖ ತೋರಿಸೋದು ಹೇಗೆ? ಈಗ ಆ ಬಣ್ಣದ ಸ್ಟಿಕ್ಕರ್ ಅಂಟಿಸಿದ ತೊಟ್ಟಿಲು ಬಂದಿವೆ ಅಂತ ಮೊಮ್ಮಗಳು ಮೊಬೈಲಿನಲ್ಲಿ ತೋರಿಸಿದಳು. ಕೂಸು ಎರಡು ಸಲ ಉಚ್ಚೆ ಹೊಯ್ದರೆ ಕೃಷ್ಣ ಸುಲಿದು ಬರುತ್ತಾನೆ.

ನಾನು ಸಾಚಾ ಅಂತ ಹೇಳುತ್ತಿಲ್ಲ. ಇಪ್ಪತ್ತೆರಡು ವರ್ಷದವನಿದ್ದಾಗ ಹಾನಗಲ್ಲ ಹತ್ತಿರ ಒಂದು ವಾಡೆಯಲ್ಲಿ ತಲೆಬಾಗಿಲು ನೋಡಿದೆ. ಎಂಥಾ ಬಾಗಿಲು ಅಂತೀರಿ. ಊಟಕ್ಕೆ ಕರೆದ ಮನೆ, ಎಲ್ಲರೂ ಮಲಗಿದ ಮೇಲೆ ನೂಲು ಹಿಡಿದು ಅಳತೆ ತೆಗೆದೆ. ಊರಿಗೆ ಬಂದು ಒಬ್ಬ ಸಾವುಕಾರನಿಗೆ ಹಾಗೇ ಮಾಡಿಕೊಟ್ಟೆ, ಹೆಸರೂ ಬಂತು. ಮೃಗಶಿರಾ ಮಳೆ ಹಿಡಿಯಿತು ನೋಡಿ, ಬಾಗಿಲು ಹಾಕಿದರೆ ತೆಗೆಯೋಕೆ ಬರವಲ್ದು, ತೆಗೆದರೆ ಹಾಕೋಕೆ ಬರವಲ್ದು. ಕಟ್ಟಿಗೆ ನೀರು ಕುಡಿದು ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕಲ್ಲ. ಅಷ್ಟು ಅಗಲದ ಹಲಗೆಗೆ ಚೌಕಟ್ಟಿನೊಳಗೆ ಎಷ್ಟು ಸಂದು ಬಿಡಬೇಕು ಅನ್ನೋದು ಅಳತೆಯ ನೂಲಿಗೆ ಸಿಕ್ಕಿರಲಿಲ್ಲ. ಬೇಸಿಗೆಯಲ್ಲಿ ಅಳೆದಿದ್ದೆ.

ಆ ಬಾಗಿಲು ಮಾಡಿದ ಬಡಿಗನಿಗೆ ಸುದ್ದಿ ಹೋಯಿತು. ಒಂದಿನ ಬಂದರು. ನಾನು ಒದೆ ಬೀಳುತ್ತದೆ ಅಂತ ನಿಂತಿದ್ದೆ. ಬಾಗಿಲನ್ನು ಮೇಲೆ ಕೆಳಗೆ ನೋಡಿದರು, ಚಹಾ ಕುಡಿದರು, "ಕೇಳಿದ್ರ ಅಳತಿ ನಾನ ಕೊಡ್ತಿದ್ನಲ್ಲೋ ಹುಡುಗಾ, ಸಂದು ಎಷ್ಟಂತನೂ ಹೇಳ್ತಿದ್ದೆ" ಅಂದರು. ಅಲ್ಲೇ ರಂದಾ ತಗೊಂಡು ಅಂಚು ಹೊಡೆದು ಬಾಗಿಲು ಸರಿ ಮಾಡಿಕೊಟ್ಟು ಹೋದರು. ಒದ್ದಿದ್ದರೆ ಮರೆತು ಹೋಗುತ್ತಿತ್ತೇನೋ.

ಹುಡುಗಾ, ನಿನ್ನ ಅಂಗಡಿಯವರ ಎಂಡಿಎಫ್ಫಿಗೂ ಮಳೆಗಾಲ ಬರುತ್ತದೆ. ಕಾಯಿ.

ಗದಗ ಲೇಥ್:

ಕಾಕಾ, ನಿಮ್ಮ ಕಾಲು ಮುಟ್ಟಬೇಕು. ಒಂದು ಮಾತು ಸೇರಿಸುತ್ತೇನೆ. ಕಲ್ಲಿನವರು ಹೆಸರು ಹಾಕುತ್ತಿದ್ದರು. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ಕೆತ್ತಿದ್ದಾರೆ. ನಿಮ್ಮ ಹಾನಗಲ್ಲಿನ ಆಚೆಗೇ ಇರುವ ಊರು ಬಳ್ಳಿಗಾವೆ. ನಾವು ಕಟ್ಟಿಗೆಯವರು ಮಾತ್ರ ಒಂದು ಹೆಸರಿನ ಚೀಟಿ ಅಂಟಿಸೋಕೂ ನಾಚಿಕೊಳ್ಳುತ್ತೇವೆ.

ಗವಂತಿ:

ಧಾರವಾಡದವಳು. ಮೂವತ್ತು ವರ್ಷದಿಂದ ಕಸೂತಿ ಹಾಕುತ್ತೇನೆ. ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ, ಈಗ ತಡೆಯೋಕೆ ಆಗಲಿಲ್ಲ. ಬಡಿಗರೇ, ನಿಮಗೆ ಆದ ಅನ್ಯಾಯ ನನಗೂ ಅರ್ಥ ಆಗುತ್ತದೆ. ಆದರೆ ನಿಮ್ಮ ಉದ್ದನೆಯ ಬರಹದಲ್ಲಿ ಕಸೂತಿಯ ತೇರು, ಗೋಪುರ, ಆನೆ ಅಂದಿರಿ, ಆ ಗೋಪುರ ಎಲ್ಲಿಂದ ಬಂತು ಅಂತ ಒಂದು ಅಕ್ಷರ ಇಲ್ಲ. ಹಲಗೆ ಲೆಕ್ಕ ಇದೆ, ರೂಪಾಯಿ ಲೆಕ್ಕ ಇದೆ.

ಇಳಕಲ್ ಸೀರೆ ಮೇಲೆ ಎಳೆ ಎಣಿಸಿ ಹಾಕುವ ಕೆಲಸ ಇದು. ಗವಂತಿ, ಮುರ್ಗಿ, ನೇಗಿ, ಮೆಂತಿ, ನಾಲ್ಕು ಥರದ ಹೊಲಿಗೆ. ಗಂಟು ಹಾಕುವ ಹಾಗಿಲ್ಲ, ಗವಂತಿ ಮುರ್ಗಿ ಅಂತೂ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಒಂದು ಎಳೆ ತಪ್ಪಿದರೆ ಹತ್ತು ಸಾಲು ಬಿಚ್ಚಬೇಕು. ಇದನ್ನು ಬರೆದಿಟ್ಟವರು ಯಾರು? ಅಜ್ಜಿಯಂದಿರು, ಅತ್ತೆಯಂದಿರು, ಮಧ್ಯಾಹ್ನ ಕಟ್ಟೆ ಮೇಲೆ ಕೂತ ಹೆಂಗಸರು. ಅವರ ಹೆಸರು ಯಾವ ಸೀರೆ ಮೇಲೂ ಇಲ್ಲ. ಹೀಗಾಗಿ ಅದು ಯಾರದ್ದೂ ಅಲ್ಲ ಅಂತ ಎಲ್ಲರೂ ಎತ್ತುತ್ತಾರೆ, ಟೈಲ್ಸ್ ಕಂಪನಿಯಿಂದ ಹಿಡಿದು ಮದುವೆ ಕಾರ್ಡಿನವರೆಗೆ. ಕಸೂತಿಗೆ ಜಿಐ (ಭೌಗೋಳಿಕ ಗುರುತು) ಇದೆ, ರಾಜ್ಯದ ಕರಕುಶಲ ನಿಗಮ ಮಾಡಿಸಿದ್ದು, ಆದರೆ ಅದು ಹೆಸರಿಗೆ ಇರುವ ರಕ್ಷಣೆ. ಆನೆಯನ್ನು ಕಟ್ಟಿಗೆಯಲ್ಲಿ ಕೊಯ್ದರೆ ಅದು ತಡೆಯೋಕೆ ಬರಲ್ಲ.

ತೇರು, ಆನೆ ಎಲ್ಲರದ್ದು ಅಂತ ಒಪ್ಪುತ್ತೇನೆ. ನನಗೆ ಅನುಮಾನ ಬಂದದ್ದು ಆ ಖಾಲಿ ಚೌಕದ ಮೇಲೆ. ಎಡ ಗೋಪುರ, ಮೇಲಿನಿಂದ ಮೂರನೇ ಸಾಲು ಅಂದಿರಲ್ಲ. ಸಪ್ತಾಪುರದಲ್ಲಿ ಒಬ್ಬ ಬಾಯಿಯವರು ಮನೆಯಲ್ಲಿ ಕಸೂತಿ ಕಲಿಸುತ್ತಿದ್ದರು. ಗ್ರಾಫ್ ಹಾಳೆಯಲ್ಲಿ ತಾವೇ ಕೂಡಿಸಿ ಬರೆದು ಜೆರಾಕ್ಸ್ ಮಾಡಿ ಕೊಡುತ್ತಿದ್ದರು, ಒಂದು ಹಾಳೆಗೆ ಎರಡು ರೂಪಾಯಿ. ಅವರ ಗೋಪುರಕ್ಕೆ ಐದು ಅಂತಸ್ತು, ಪ್ರತಿ ಅಂತಸ್ತಿಗೂ ಕಿಟಕಿ ಒಂದೊಂದು ಎಳೆ ಕಿರಿದಾಗುತ್ತದೆ, ಇದು ಹಳೆ ಸೀರೆಗಳಲ್ಲಿ ನಾನು ನೋಡಿಲ್ಲ. ಆ ಹಾಳೆ ನನ್ನ ಟ್ರಂಕಿನಲ್ಲಿದೆ. ಈಗ ತೆಗೆದು ನೋಡಿದೆ. ಮೂರನೇ ಸಾಲಿನಲ್ಲಿ ಒಂದು ಚೌಕ ಇಲ್ಲ.

ನಿಮ್ಮ ಗೋಪುರಕ್ಕೆ ಎಷ್ಟು ಅಂತಸ್ತು?

ಅರ್ಜಿ ಗುಮಾಸ್ತ:

ಅಯ್ಯೋ. ನೋಟಿಸ್ ಈಗಲೇ ಕೊಡಬೇಡಿ.

ಉಣಕಲ್ ಬಡಿಗ:

ಐದು.

ನಿನ್ನೆ ರಾತ್ರಿಯಿಂದ ಏನು ಬರೀಬೇಕು ಗೊತ್ತಾಗದೆ ಕೂತಿದ್ದೆ. ಡಿಸೈನ್ ನಾನೇ ಬರೆದದ್ದು ಅಂತ ನಂಬಿಕೊಂಡಿದ್ದೆ, ಸುಳ್ಳು ಹೇಳುತ್ತಿರಲಿಲ್ಲ. ಅವ್ವನ ಹೊಲಿಗೆ ಡಬ್ಬಿಯಲ್ಲಿ ಒಂದು ಹಳದಿಯಾದ ಹಾಳೆ ಇತ್ತು, ಅದನ್ನು ನೋಡಿಕೊಂಡು ಹೊಸ ಗ್ರಾಫಿನ ಮೇಲೆ ನಾನು ಬರೆದೆ. ಬರೆದದ್ದು ನನ್ನ ಕೈ, ಹೀಗಾಗಿ ನನ್ನದು ಅಂತ ಆಗಿಬಿಟ್ಟಿತ್ತು. ಚೌಕ ಬಿಟ್ಟುಹೋದದ್ದನ್ನು ಕೂಡ ನನ್ನ ತಪ್ಪು ಅಂತಲೇ ಎಣಿಸಿದ್ದೆ. ಇವತ್ತು ಮುಂಜಾನೆ ಡಬ್ಬಿ ತೆಗೆಸಿ ನೋಡಿದೆ. ಖಾಲಿ ಚೌಕ ಅಲ್ಲೇ ಇದೆ. ಅವ್ವನನ್ನು ಕೇಳಿದರೆ ಧಾರವಾಡದ ತನ್ನ ಅಕ್ಕ ಕ್ಲಾಸಿಗೆ ಹೋಗುತ್ತಿದ್ದಳು, ಅವಳದ್ದೇ ಹಾಳೆ ಅಂದಳು.

ಅಂದರೆ ಅಂಗಡಿಯವರು ನನ್ನಿಂದ ಎತ್ತಿದ ತಪ್ಪು, ನಾನು ಬೇರೆ ಕಡೆಯಿಂದ ಎತ್ತಿದ ತಪ್ಪು. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. ಆದರೂ ಒಂದು ಮಾತು, ಅವರಿಗೂ ನನಗೂ ಏನೂ ವ್ಯತ್ಯಾಸ ಇಲ್ಲ ಅಂತ ಮಾತ್ರ ಒಪ್ಪೋದಿಲ್ಲ. ಆ ಕಟ್ಟುಗಳು ನನ್ನವು, ಹಾಳಾದ ಆರು ಹಲಗೆ ನನ್ನವು.

ಗವಂತಿ ಅಕ್ಕಾರ, ಬಾಯಿಯವರು ಈಗಲೂ ಸಪ್ತಾಪುರದಲ್ಲೇ ಇದ್ದಾರಾ?

ಗವಂತಿ:

ಇದ್ದಾರೆ. ಕ್ಲಾಸ್ ನಿಲ್ಲಿಸಿದ್ದಾರೆ, ಕಣ್ಣು ಮಂಜು. ನಿಮ್ಮ ಕಟ್ಟುಗಳು ನಿಮ್ಮವೇ, ಅದನ್ನು ಯಾರೂ ಕಸಿಯೋದಿಲ್ಲ. ನಾನೇ ಕರೆದುಕೊಂಡು ಹೋಗುತ್ತೇನೆ, ಒಂದು ಬಾಗಿಲು ತಗೊಂಡು ಬನ್ನಿ. ಪೇಢಾ ತರಬೇಡಿ, ಅವರಿಗೆ ಸಕ್ಕರೆ ಕಾಯಿಲೆ ಇದೆ.

ಮೂರು ಎಂಎಂ ಬಿಟ್:

ಹೋಗಿ ಬಂದು ಏನಾಯ್ತು ಅಂತ ಬರೀಲೇಬೇಕು. ಇಲ್ಲ ಅಂದ್ರೆ ಬಿಡಲ್ಲ.

ಉಣಕಲ್ ಬಡಿಗ:

ಹೋಗಿ ಬಂದೆ, ಎರಡು ವಾರ ಆಯಿತು.

ಬಾಯಿಯವರು ಬಾಗಿಲನ್ನು ತೊಡೆ ಮೇಲೆ ಇಟ್ಟುಕೊಂಡು ಬೆರಳಾಡಿಸಿ ನೋಡಿದರು, ಕಣ್ಣಿಗಿಂತ ಬೆರಳಿಗೇ ಜಾಸ್ತಿ ಗೊತ್ತಾಗುತ್ತಿತ್ತು. ತೇರು ಅವರ ಅತ್ತೆಯ ಚಂದ್ರಕಾಳಿ ಸೀರೆಯದಂತೆ, ಆನೆ ಎಲ್ಲರ ಮನೆಯದು, ಗೋಪುರ ಮಾತ್ರ ಅವರು ಕೂಡಿಸಿದ್ದು. ಕೇಳದೆ ಮಾಡಿದೆ ಅಂತ ತಪ್ಪೊಪ್ಪಿಕೊಂಡರೆ ಅದರ ಬಗ್ಗೆ ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಅವರಿಗೆ ಸಿಟ್ಟು ಬಂದದ್ದು ಖಾಲಿ ಚೌಕಕ್ಕೆ! ಅದು ಅವರಿಗೇ ಗೊತ್ತಿರಲಿಲ್ಲ. ಭೂತಕನ್ನಡಿ ತರಿಸಿ ಮೂಲ ಹಾಳೆ ಎಣಿಸಿದರು, ಎರಡು ಸಲ. "ಇಷ್ಟ ವರ್ಷ ಕಲಿಸೀನಿ, ಇಷ್ಟ ಹುಡುಗ್ಯಾರು ಹಾಕ್ಯಾರ, ಒಬ್ಬಾಕಿನರ ಬಾಯಿ ಬಿಟ್ಟು ಹೇಳಬಾರದಾ?" ಅಂತ ಗವಂತಿ ಅಕ್ಕನಿಗೇ ಬೈದರು. ಅಕ್ಕ ನೆಲ ನೋಡುತ್ತಾ ಕೂತಿದ್ದರು.

ದುಡ್ಡು ಬೇಡ ಅಂದರು. ಜಗಲಿ ಹಿಂದೆ ಚೀಟಿ ಹ್ಯಾಗೆ ಬರೀಲಿ ಅಂತ ಕೇಳಿದೆ. ತಮ್ಮ ಹೆಸರಿನ ಜೊತೆ ಅತ್ತೆಯ ಹೆಸರೂ ಹಾಕು ಅಂದರು. ಹೀಗಾಗಿ ಈಗ ಮೂರು ಸಾಲು, ತೇರು ಇಂಥವರ ಸೀರೆಯದು, ಗೋಪುರ ಇಂಥವರು ಬರೆದದ್ದು, ಕಟ್ಟಿಗೆಗೆ ತಂದದ್ದು ನಾನು. ಹೆಸರು ಇಲ್ಲಿ ಹಾಕೋದಿಲ್ಲ, ಜಗಲಿ ತಗೊಂಡವರಿಗೆ ಸಿಗುತ್ತದೆ. ಆ ಗಿರಾಕಿಗೂ ಎರಡು ಬಾಗಿಲು ಪಕ್ಕಪಕ್ಕ ಇಟ್ಟು ತೋರಿಸಿದೆ, ಮೂಲೆ ಮುಟ್ಟಿ ನೋಡಿ ಸುಮ್ಮನಾದರು. ಪೂರ್ತಿ ಒಪ್ಪಿದರಾ ಗೊತ್ತಿಲ್ಲ.

ಅಂಗಡಿಗೂ ಹೋಗಿದ್ದೆ. ಮಾಲೀಕರು ಚಹಾ ಕೊಟ್ಟರು, "ಎಲ್ಲಾರೂ ಮಾಡ್ತಾರಪಾ" ಅಂದರು, ಇನ್ನೂ ಮಾರುತ್ತಿದ್ದಾರೆ. ನಾನು ಹೊಸ ಬಾಗಿಲಿನಲ್ಲಿ ಚೌಕ ತುಂಬಿಸಿದ್ದೇನೆ, ಅವರದ್ದರಲ್ಲಿ ಎರಡೂ ಕಡೆ ಖಾಲಿ ಇದೆ. ನಾಳೆ ಹೊಸದರ ಫೋಟೋ ಹಾಕುತ್ತೇನೆ.

ಮೂರು ಎಂಎಂ ಬಿಟ್:

ಎದುರಿಗೆ ನಿಂತು ತೆಗೀಬೇಡಿ ಮಾರಾಯರೇ. ಓರೆಯಾಗಿ ತೆಗೆದು ಹಾಕಿ, ನಮ್ಮಂಥವರಿಗೆ ಗೆರೆ ಎಳೆಯೋಕೆ ಸ್ವಲ್ಪ ಕಷ್ಟ ಆಗಲಿ.